ಮರದ ಮೆಟ್ಟಿಲಿನ ಹಳೆ ಪಾಲಿಶ್ ಪೂರ್ತಿ ಕೆರೆದು ತೆಗೆಯಲೇಬೇಕಾ?

ಪ್ರಶ್ನೆ: ಬಸವನಗುಡಿಯಲ್ಲಿ ತಾತ ಕಟ್ಟಿಸಿದ ಮನೆ ನಮ್ಮದು. ಮಹಡಿಗೆ ಹೋಗುವ ಮೆಟ್ಟಿಲು, ರೇಲಿಂಗ್ ಎಲ್ಲ ತೇಗದ್ದು. ರೇಲಿಂಗ್ ಕಪ್ಪಗಾಗಿ ಅಂಟಂಟಾಗಿದೆ. ಮೆಟ್ಟಿಲಿನ ನಡುವೆ ಪಾಲಿಶ್ ಸವೆದಿದೆ, ಒಂದೆರಡು ಮೆಟ್ಟಿಲು ಕಿರುಗುಟ್ಟುತ್ತವೆ. ನೋಡಲು ಬಂದ ಪಾಲಿಶ್‌ನವರು ಎಲ್ಲವನ್ನೂ ಮೆಷಿನ್ನಿನಲ್ಲಿ ಉಜ್ಜಿ ಪಿಯು (ಪಾಲಿಯುರೆಥೇನ್) ಪಾಲಿಶ್ ಹೊಡೆಯಬೇಕು ಅಂದರು. ಅಷ್ಟೆಲ್ಲ ಬೇಕಾ? ನಾವೇ ಮಾಡಿಕೊಳ್ಳಬಹುದಾ?

ಉತ್ತರ: ರೇಲಿಂಗ್‌ಗೆ ಬಹುಶಃ ಬೇಡ. ಮೆಟ್ಟಿಲಿಗೆ ಬೇಕಾಗಬಹುದು. ಎರಡನ್ನೂ ಒಂದೇ ಕೆಲಸ ಅಂತ ಲೆಕ್ಕ ಹಾಕಿದರೆ ಖರ್ಚೂ ಜಾಸ್ತಿ, ಒಳ್ಳೆಯ ತೇಗವೂ ಸುಮ್ನೆ ಸವೆಯುತ್ತದೆ. ರೇಲಿಂಗ್ ಮೇಲೆ ಕೈ ಆಡುತ್ತದೆ, ಮೆಟ್ಟಿಲನ್ನು ಕಾಲು ತುಳಿಯುತ್ತದೆ. ಎರಡಕ್ಕೂ ಬೇಕಾದ ಪಾಲಿಶ್ ಬೇರೆ.

ಮೊದಲು ಹಳೆ ಪಾಲಿಶ್ ಯಾವುದು ಅಂತ ತಿಳಿದುಕೊಳ್ಳಿ. ರೇಲಿಂಗ್‌ನ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಪಾಲಿಶ್‌ಗೆ ಬಳಸುವ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಪಾಲಿಶ್ ಮೆತ್ತಗಾಗಿ ಹತ್ತಿಗೆ ಅಂಟಿಕೊಂಡರೆ ಅದು ಅರಗಿನದು, ಅಂದರೆ ಫ್ರೆಂಚ್ ಪಾಲಿಶ್. ಸ್ಪಿರಿಟ್‌ಗೆ ಜಗ್ಗದೆ ಥಿನ್ನರ್‌ಗೆ ಕರಗಿದರೆ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಪಿಯು ಥರದ ಗಟ್ಟಿ ಪಾಲಿಶ್ ಇರಬೇಕು. ತಾತನ ಕಾಲದ ಕೆಲಸ ಅಂದರೆ ಅರಗಿನದೇ ಇರುವ ಸಾಧ್ಯತೆ ಜಾಸ್ತಿ.

ಅರಗಿನದಾದರೆ ನಿಮ್ಮ ಕೆಲಸ ಹಗುರವಾಯಿತು. ಹೊಸ ಕೋಟಿನಲ್ಲಿರುವ ಸ್ಪಿರಿಟ್ ಹಳೆಯ ಅರಗನ್ನು ಕರಗಿಸುತ್ತದೆ, ಎರಡೂ ಬೆರೆತು ಒಂದೇ ಪದರ ಆಗುತ್ತವೆ. ಈ ಗುಣ ಪಿಯುಗೆ ಇಲ್ಲ. ಹಾಗಾಗಿ ರೇಲಿಂಗ್ ಅನ್ನು ಮರದವರೆಗೆ ಕೆರೆಯುವ ಅಗತ್ಯವೇ ಇಲ್ಲ. ಆ ಕಪ್ಪು ಕೂಡ ಮುಕ್ಕಾಲು ಪಾಲು ಕೈಬೆವರು, ತಲೆಗೆಣ್ಣೆ, ಧೂಳು ಸೇರಿದ ಕೊಳೆ ಅಷ್ಟೆ. ಟರ್ಪೆಂಟೈನ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಬಟ್ಟೆ ಕಪ್ಪಾದಂತೆ ಬದಲಿಸುತ್ತಾ ಹೋಗಿ. ಒಣಗಿದ ಮೇಲೆ 320 ನಂಬರಿನ (ನಂಬರ್ ಹೆಚ್ಚಿದಷ್ಟೂ ಪೇಪರ್ ನಯ) ಸ್ಯಾಂಡ್‌ಪೇಪರ್‌ನಲ್ಲಿ ಮರದ ಎಳೆ ಹೋದ ದಿಕ್ಕಿನಲ್ಲೇ ಹಗುರವಾಗಿ ಉಜ್ಜಿ. ಕಡೆದು ಮಾಡಿದ ದುಂಡನೆಯ ಕಂಬಿಗಳಿಗೆ ಮಾತ್ರ ಪೇಪರನ್ನು ಪಟ್ಟಿಯಾಗಿ ಕತ್ತರಿಸಿ, ಬೂಟು ಪಾಲಿಶ್ ಮಾಡುವವರ ಹಾಗೆ ಎರಡೂ ಕೈಯಲ್ಲಿ ಹಿಡಿದು ಎಳೆದಾಡಿಸಿ. ಬಳಸುವ ಪೇಪರ್ ತೀರಾ ನಯವಾಗಿರಲಿ. ಒರಟು ಪೇಪರ್ ಅಡ್ಡ ಗೀರು ಬಿಡುತ್ತದೆ, ಕೆತ್ತನೆಯ ಅಂಚನ್ನೂ ತಿಂದುಹಾಕುತ್ತದೆ.

ಪಾಲಿಶ್ ಮನೆಯಲ್ಲೇ ಮಾಡಬಹುದು. ಒಂದು ಲೀಟರ್ ಸ್ಪಿರಿಟ್‌ಗೆ 150ರಿಂದ 200 ಗ್ರಾಂ ಅರಗಿನ ಚೂರು ಹಾಕಿ ರಾತ್ರಿಯಿಡೀ ಬಿಡಿ, ಬೆಳಗ್ಗೆ ತೆಳು ಬಟ್ಟೆಯಲ್ಲಿ ಸೋಸಿ. ಹತ್ತಿಯ ಉಂಡೆಗೆ ಹಳೆ ಪಂಚೆಯ ತುಂಡು ಸುತ್ತಿ, ಅದರಿಂದ ತೆಳ್ಳಗೆ ಎಳೆಯಿರಿ. ಕೋಟು ತೆಳ್ಳಗಿರಲಿ, ಸಂಖ್ಯೆ ಜಾಸ್ತಿಯಾದರೂ ಪರವಾಗಿಲ್ಲ. ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ. ಕೆಲಸ ಮುಗಿದು ವಾಸನೆ ಹೋಗುವವರೆಗೆ ದೇವರ ದೀಪ, ಊದುಬತ್ತಿ, ಗ್ಯಾಸ್ ಒಲೆ ಯಾವುದೂ ಬೇಡ.

ಇನ್ನು ಮೆಟ್ಟಿಲು. ಅರಗಿಗೆ ನೀರು ಬಿದ್ದರೆ ಬಿಳಿ ಕಲೆ ಆಗುತ್ತದೆ, ದಿನಾ ತುಳಿದರೆ ಬೇಗ ಸವೆಯುತ್ತದೆ. ಹಾಗಾಗಿ ಕಾಲಿಡುವ ಹಲಗೆಗೆ ಪಿಯು ಒಳ್ಳೆಯದು ಅಂತ ನಾನೂ ಹೇಳುತ್ತೇನೆ. ಆದರೆ ಅರಗಿನಲ್ಲಿ ಸ್ವಾಭಾವಿಕವಾಗಿಯೇ ಮೇಣದ ಅಂಶ ಇರುತ್ತದೆ, ಅದರ ಮೇಲೆ ಪಿಯು ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಅಲ್ಲಿ ಮಾತ್ರ ಹಳೆಯದನ್ನು ಪೂರ್ತಿ ತೆಗೆಯಬೇಕು. ಮೊದಲು ಸ್ಪಿರಿಟ್ ಮತ್ತು ಕೆರೆಯುವ ಪಟ್ಟಿ, ಆಮೇಲೆ 120, 180, 220ರ ಪೇಪರ್. ಜಜ್ಜಿ ತಗ್ಗಾದ ಕಡೆ ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆ ಒತ್ತಿದರೆ ಆವಿಗೆ ಮರ ಉಬ್ಬಿ ತಗ್ಗು ಬಹಳಷ್ಟು ಮೇಲೇಳುತ್ತದೆ. ಪಿಯು ಮ್ಯಾಟ್ ಅಥವಾ ಸ್ಯಾಟಿನ್ ತೆಗೆದುಕೊಳ್ಳಿ. ಹೆಚ್ಚು ಹೊಳೆಯುವುದು ಜಾರುತ್ತದೆ, ಮನೆಯಲ್ಲಿ ವಯಸ್ಸಾದವರಿದ್ದರೆ ಅಂತೂ ಬೇಡವೇ ಬೇಡ. ಒಂದು ಬಿಟ್ಟು ಒಂದು ಮೆಟ್ಟಿಲಿಗೆ ಹಚ್ಚಿದರೆ ಮಹಡಿಗೆ ಓಡಾಡುವುದು ನಿಲ್ಲುವುದಿಲ್ಲ.

ಎಲ್ಲದಕ್ಕೂ ಮುಂಚೆ ಕಿರುಗುಟ್ಟುವುದನ್ನು ನಿಲ್ಲಿಸಿ. ಅಲುಗುವ ಮರದ ಮೇಲೆ ಹೊಡೆದ ಪಾಲಿಶ್ ಸಂದಿಯಲ್ಲಿ ಬಿರುಕು ಬಿಡುತ್ತದೆ. ಹಲಗೆ ಸಡಿಲವಾಗಿ ಮೊಳೆಗೋ ಪಕ್ಕದ ಮರಕ್ಕೋ ಉಜ್ಜುವುದರಿಂದ ಆ ಸದ್ದು ಬರುತ್ತದೆ. ಟಾಲ್ಕಂ ಪೌಡರ್ ಉದುರಿಸಿದರೆ ಸ್ವಲ್ಪ ದಿನ ಸುಮ್ಮನಾಗುತ್ತದೆ, ರಿಪೇರಿ ಆಗುವುದಿಲ್ಲ. ಮೆಟ್ಟಿಲಿನ ಕೆಳಗೆ ಹೋಗಲು ಜಾಗ ಇದ್ದರೆ ಸಂದಿಗೆ ತೆಳು ಬೆಣೆಯನ್ನು ಫೆವಿಕಾಲ್ ಹಚ್ಚಿ ಹೊಡೆಯಿರಿ. ಇಲ್ಲದಿದ್ದರೆ ಮೇಲಿನಿಂದ ಸ್ಕ್ರೂ ಹಾಕಬೇಕು. ಮೊದಲು ಸಣ್ಣ ತೂತು ಕೊರೆಯಿರಿ, ನೇರ ಹಾಕಿದರೆ ಹಳೆ ಮರ ಸೀಳುತ್ತದೆ. ಸ್ಕ್ರೂ ತಲೆಯನ್ನು ಒಳಕ್ಕಿಳಿಸಿ, ಮೇಲೆ ಅದೇ ಮರದ ಬಿರಡೆ ಕೂರಿಸಿ. ಅಲುಗುವ ಕಂಬಿಯ ಬುಡದಲ್ಲಿ ಹಳೆ ಅಂಟನ್ನು ಪೂರ್ತಿ ಕೆರೆದು ತೆಗೆದ ಮೇಲೆ ಮಾತ್ರ ಹೊಸ ಅಂಟು ಹಾಕಿ, ಒಂದು ದಿನ ಬಿಗಿದು ಕಟ್ಟಿಡಿ. ರೇಲಿಂಗ್‌ನ ಮೂಲೆ ಕಂಬವೇ ಅಲುಗುತ್ತಿದ್ದರೆ ಬಡಗಿಯನ್ನು ಕರೆಯಿರಿ. ಬೀಳುವವರನ್ನು ತಡೆಯುವುದು ಆ ಕಂಬವೇ ಅಲ್ವಾ?

ಮೆಟ್ಟಿಲ ಕೆಳಗೆ ಮಣ್ಣಿನ ಗೆರೆ ಕಂಡರೆ ಗೆದ್ದಲು. ಹಿಟ್ಟಿನಂಥ ಪುಡಿ ಉದುರಿದ್ದರೆ ಮರ ಕೊರೆಯುವ ಹುಳ. ಸ್ಕ್ರೂಡ್ರೈವರ್ ತುದಿ ಸುಲಭವಾಗಿ ಒಳಹೋಗುತ್ತದಾ ಅಂತ ಒತ್ತಿ ನೋಡಿ. ಹೋದರೆ ಆ ತುಂಡನ್ನೇ ಬದಲಿಸಬೇಕು. ಮೈಸೂರು ರಸ್ತೆಯ ಟಿಂಬರ್ ಯಾರ್ಡ್‌ಗಳಲ್ಲಿ ಹಳೆ ತೇಗ ಕೇಳಿ ನೋಡಿ. ಒಣಗಿ ಹದವಾದ ಮರ ಹಳೆಯದರ ಜೊತೆ ಚೆನ್ನಾಗಿ ಹೊಂದುತ್ತದೆ.

ಪಾಲಿಶ್ ಬದಲು ಹಳೆ ಬಣ್ಣ ಬಳಿದಿದ್ದರೆ ಒಣ ಉಜ್ಜುವಿಕೆ ಬೇಡ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆ ಬಣ್ಣದ ಧೂಳು ಮಕ್ಕಳಿಗೂ ಗರ್ಭಿಣಿಯರಿಗೂ ಅಪಾಯ. ನೀರು ಹಚ್ಚಿ ಉಜ್ಜಿ, ಒಳ್ಳೆಯ ಮಾಸ್ಕ್ ಹಾಕಿ, ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಕೆಲಸಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಬೆಂಗಳೂರಿನ ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಅರಗಿನ ಪಾಲಿಶ್ ಎಳೆದರೆ ಗಾಳಿಯ ತೇವ ಸೇರಿ ಹಾಲಿನಂತೆ ಬೆಳ್ಳಗಾಗುತ್ತದೆ. ಪಿಯು ಹಚ್ಚಿದ ಮೆಟ್ಟಿಲ ಮೇಲೆ ಮೊದಲ ವಾರ ಬರಿಗಾಲಲ್ಲೇ ಓಡಾಡಿ, ಕಾರ್ಪೆಟ್ ಹಾಸಬೇಡಿ.