ಸೊಂಟದ ಪಿಸ್ತೂಲೋ, ಖಾರದ ಡಬ್ಬಿಯೋ: ಗ್ರಿಜ್ಲಿ ಬೆಟ್ಟದ ಶಿಕಾರಿಗಳ ಮುಗಿಯದ ತಕರಾರು

ಸೆಪ್ಟೆಂಬರಿನ ಒಂದು ಸಂಜೆ. ವಯೋಮಿಂಗಿನ ಬೆಟ್ಟದ ಇಳಿಜಾರಿನಲ್ಲಿ ಮುನ್ನೂರು ಕೆಜಿಯ ಗಂಡು ಎಲ್ಕ್, ಅಂದರೆ ಭಾರೀ ಗಾತ್ರದ ಜಿಂಕೆ, ಬಿದ್ದಿದೆ. ಹೊಡೆದವನು ಮಂಡಿಯೂರಿ ಕೂತು, ಮೊಣಕೈವರೆಗೂ ರಕ್ತ ಮೆತ್ತಿಕೊಂಡು, ಹೊಟ್ಟೆ ಸೀಳಿ ಕರುಳು ಹೊರಗೆಳೆಯುತ್ತಿದ್ದಾನೆ. ರೈಫಲ್ಲು ಹತ್ತು ಮಾರು ಆಚೆಯ ಮರಕ್ಕೆ ಒರಗಿದೆ. ಪಿಸ್ತೂಲು ಬೆನ್ನುಚೀಲದ ಬೆಲ್ಟಿನಲ್ಲಿದೆ, ಚೀಲ ಅದೇ ಮರದ ಬುಡದಲ್ಲಿದೆ. ಹೊತ್ತು ಇಳಿಯುತ್ತಿದ್ದಂತೆ ತಣ್ಣಗಾದ ಗಾಳಿ ಕಣಿವೆಯತ್ತ ಜಾರುತ್ತಿದೆ, ಅದರ ಜೊತೆ ರಕ್ತದ ವಾಸನೆಯೂ.

ಅಮೆರಿಕದ ರಾಕಿ ಪರ್ವತಗಳಲ್ಲಿ ‘ಬೇಟೆಗೆ ಹೋಗುವವನು ಕರಡಿಗೆಂದು ಏನು ಇಟ್ಟುಕೊಳ್ಳಬೇಕು’ ಎಂಬ ಜಗಳ ಶುರುವಾಗುವುದು, ಸಾಮಾನ್ಯವಾಗಿ ಅಡ್ಡದಾರಿ ಹಿಡಿಯುವುದೂ, ಈ ಚಿತ್ರದಿಂದಲೇ. ಒಂದು ಕಡೆಯವರು ಪಿಸ್ತೂಲು ಎನ್ನುತ್ತಾರೆ, ಇನ್ನೊಂದು ಕಡೆಯವರು ಮೆಣಸಿನ ಖಾರ ಚಿಮ್ಮುವ ಕರಡಿ ಸ್ಪ್ರೇ ಎನ್ನುತ್ತಾರೆ. ಎರಡೂ ಕಡೆಯವರ ಬಳಿ ಶೇಕಡಾವಾರು ಲೆಕ್ಕಗಳಿವೆ. ಮರದ ಬುಡದ ಚೀಲದ ಸುದ್ದಿ ಮಾತ್ರ ಆ ಲೆಕ್ಕಗಳಲ್ಲಿ ಅಷ್ಟಾಗಿ ಬರುವುದಿಲ್ಲ.

ನಮ್ಮ ಕಡೆ ಕರಡಿ ಎಂದರೆ ದರೋಜಿಯ ಬಂಡೆಗಳ ನಡುವಿನ, ಗೆದ್ದಲು ತಿನ್ನುವ, ನೂರು ಕೆಜಿಯ ಆಸುಪಾಸಿನ ಪ್ರಾಣಿ. ಅದೇನೂ ಸಾಧುವಲ್ಲ, ಅದರ ಉಗುರಿಗೆ ಮುಖ ಕೊಟ್ಟವರು ಬಳ್ಳಾರಿ, ತುಮಕೂರು ಸೀಮೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಉತ್ತರ ಅಮೆರಿಕದ ಕಂದು ಕರಡಿಯಾದ ಗ್ರಿಜ್ಲಿಯ ಅಳತೆಯೇ ಬೇರೆ. ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಸುತ್ತಿನ ಬಲಿತ ಗಂಡು 300 ಕೆಜಿ ಮುಟ್ಟಬಹುದು. ನುಗ್ಗಿ ಬಂದರೆ ಗಂಟೆಗೆ 50 ಕಿಲೋಮೀಟರಿಗೂ ಮೀರಿದ ವೇಗ. ಎಂದರೆ ಮೂವತ್ತು ಮೀಟರು ದೂರದ ಪೊದೆಯಿಂದ ಹೊರಟ ಕರಡಿ ನಿಮ್ಮ ಮೈಮೇಲೆ ಬರಲು ಎರಡು ಸೆಕೆಂಡು ಸಾಕು. ಹೋಲ್‌ಸ್ಟರಿನ ಗುಂಡಿ ಬಿಚ್ಚುವುದಕ್ಕೆ ಒಂದು ಸೆಕೆಂಡು ಹೋದರೆ ಉಳಿದದ್ದು ಇನ್ನೊಂದೇ.

ಈ ಪ್ರಾಣಿ ಗುಂಡಿಗೆ ಸುಲಭವಾಗಿ ಬೀಳುವುದಿಲ್ಲ ಎಂಬುದು ಹಳೆಯ ಸುದ್ದಿ. 1805ರ ಮೇ ತಿಂಗಳಲ್ಲಿ ಮಿಸೌರಿ ನದಿಯಲ್ಲಿ ಹೋಗುತ್ತಿದ್ದ ಅನ್ವೇಷಕರಾದ ಲೂಯಿಸ್ ಮತ್ತು ಕ್ಲಾರ್ಕ್ ಅವರ ತಂಡ ಒಂದು ಕರಡಿಗೆ ಹತ್ತು ಗುಂಡು ಹೊಡೆಯಿತು. ಐದು ಶ್ವಾಸಕೋಶದೊಳಗೇ ಹೋಗಿದ್ದವು. ಆದರೂ ಅದು ಅರ್ಧ ನದಿ ಈಜಿ ಮರಳದಿಬ್ಬ ಸೇರಿ, ಸಾಯಲು ಇಪ್ಪತ್ತು ನಿಮಿಷ ತೆಗೆದುಕೊಂಡಿತು. ಅಲ್ಲಿಂದಾಚೆಗಿನ ನೂರೈವತ್ತು ವರ್ಷವನ್ನು ಒಂದೇ ಸಾಲಿನಲ್ಲಿ ಹೇಳಬಹುದು: ಬಂದೂಕು, ವಿಷ, ಬೋನು ಸೇರಿ, ಸುಮಾರು ಐವತ್ತು ಸಾವಿರ ಇದ್ದ ಕರಡಿಗಳನ್ನು ಕೆಲವು ನೂರಕ್ಕೆ ಇಳಿಸಿದವು. 1975ರಲ್ಲಿ ಅಲಾಸ್ಕಾ ಬಿಟ್ಟು ಅಮೆರಿಕದ ಮುಖ್ಯ ಭೂಭಾಗದ ರಾಜ್ಯಗಳಲ್ಲಿ ಗ್ರಿಜ್ಲಿಗೆ ಕಾನೂನಿನ ರಕ್ಷಣೆ ಸಿಕ್ಕಿತು. ಈಗ ಯೆಲ್ಲೋಸ್ಟೋನ್ ಸುತ್ತಿನಲ್ಲೇ ಸುಮಾರು ಸಾವಿರ ಇವೆ. ಅವನ್ನು ರಕ್ಷಿತ ಪ್ರಾಣಿಗಳ ಪಟ್ಟಿಯಿಂದ ತೆಗೆಯಲು 2007ರಲ್ಲೊಮ್ಮೆ, 2017ರಲ್ಲೊಮ್ಮೆ ಸರ್ಕಾರ ಹೊರಟಿತು, ಎರಡೂ ಸಲ ನ್ಯಾಯಾಲಯ ತಡೆಯಿತು. ಅಜ್ಜನ ಕಾಲದಲ್ಲಿ ಕರಡಿಯೇ ಇಲ್ಲದಿದ್ದ ಕಣಿವೆಗಳಿಗೆ ಈಗ ಕರಡಿ ಮರಳಿದೆ, ಮೊಮ್ಮಕ್ಕಳು ಅದೇ ಕಣಿವೆಯಲ್ಲಿ ಅಜ್ಜ ಹೇಳಿಕೊಟ್ಟ ಹಾಗೆಯೇ ಶಿಕಾರಿ ಮಾಡುತ್ತಿದ್ದಾರೆ.

ಆ ಶಿಕಾರಿಯ ರೀತಿಯೇ ತೊಡಕಿನ ಬೇರು. ಉದ್ಯಾನವನದವರು ನಡೆದಾಡುವವರಿಗೆ ಏನು ಹೇಳುತ್ತಾರೆ? ಗುಂಪಾಗಿ ಹೋಗಿ, ಮಾತಾಡುತ್ತಿರಿ, ತಿರುವಿನಲ್ಲಿ ಚಪ್ಪಾಳೆ ತಟ್ಟಿ, ಬೆಳಗಿನ ಜಾವ ಮತ್ತು ಮುಸ್ಸಂಜೆ ಬೇಡ. ಬೇಟೆಗಾರ ಇದರಲ್ಲಿ ಒಂದನ್ನೂ ಪಾಲಿಸಲಾರ. ಉಸಿರು ಬಿಗಿಹಿಡಿದು, ಗಾಳಿಗೆ ಎದುರಾಗಿ, ನಸುಕಿನಲ್ಲಿ ದಟ್ಟ ಮರಗಳೊಳಗೆ ನುಸುಳುತ್ತಾನೆ. ಬಿಲ್ಲಿನ ಬೇಟೆಗಾರನಾದರೆ ಹೆಣ್ಣು ಎಲ್ಕಿನ ದನಿ ಊದಿ ಕರೆಯುತ್ತಾನೆ. ಆ ಕರೆ ಗಂಡು ಎಲ್ಕಿಗಷ್ಟೇ ಕೇಳುವುದಿಲ್ಲ. ಅದೇ ತಿಂಗಳುಗಳಲ್ಲಿ ಕರಡಿ ಚಳಿಗಾಲದ ನಿದ್ದೆಗೆ ಕೊಬ್ಬು ಕೂಡಿಸಿಕೊಳ್ಳಲು ಹಗಲಿರುಳು ತಿನ್ನುತ್ತಿರುತ್ತದೆ. ಕಾಡಿನಲ್ಲಿ ಬಿಟ್ಟ ಕರುಳುಬೋಟಿಯ ಗುಡ್ಡೆ ಅದಕ್ಕೆ ಹಬ್ಬದೂಟ.

ಹಾಗಿದ್ದ ಮೇಲೆ ಪಿಸ್ತೂಲಿನ ಯೋಚನೆ ಬಂದದ್ದು ಸಹಜವೇ. 1955ರ ಕೊನೆಗೆ .44 ಮ್ಯಾಗ್ನಮ್ ರಿವಾಲ್ವರ್ ಬಂದಾಗ ಮೊದಲ ಬಾರಿಗೆ ಸೊಂಟಕ್ಕೆ ಸಿಗಿಸಿಕೊಳ್ಳುವ ಆಯುಧವೊಂದಕ್ಕೆ ‘ಕರಡಿಗೂ ಆಗುತ್ತದೆ’ ಎಂಬ ಹೆಸರು ಬಂತು. ಆಮೇಲೆ .454 ಕಸುಲ್, 2003ರಲ್ಲಿ .500 ಸ್ಮಿತ್ ಅಂಡ್ ವೆಸನ್, ಹೀಗೆ ನಳಿಗೆ ದಪ್ಪವಾಗುತ್ತಾ ಹೋಯಿತು. ತೂಕವೂ ಏರಿತು: ನಾಲ್ಕಿಂಚು ನಳಿಗೆಯ .500 ಸುಮಾರು 1.6 ಕೆಜಿ. ಅಂಥದ್ದನ್ನು ಕೊಂಡವರಲ್ಲಿ ಹಲವರು ಅಭ್ಯಾಸಕ್ಕೆಂದು ಹತ್ತು ಗುಂಡು ಹಾರಿಸಿ, ಮಣಿಕಟ್ಟು ನೀವಿಕೊಂಡು, ಕಪಾಟಿನಲ್ಲಿಟ್ಟರು.

ಖಾರದ ಡಬ್ಬಿಯ ಕತೆ 1980ರ ದಶಕದ್ದು, ಮೊಂಟಾನಾ ವಿಶ್ವವಿದ್ಯಾಲಯದ ಸುತ್ತಮುತ್ತ ಹುಟ್ಟಿದ್ದು. ಒಳಗಿರುವುದು ಮೆಣಸಿನಕಾಯಿಯ ಖಾರದ ಸತ್ವವೇ: ಕ್ಯಾಪ್ಸೈಸಿನ್ ಜಾತಿಯ ಪದಾರ್ಥ ನೂರಕ್ಕೆ 1ರಿಂದ 2 ಭಾಗ, ಉಳಿದದ್ದು ಎಣ್ಣೆ ಮತ್ತು ತಳ್ಳುವ ಅನಿಲ. ಕನಿಷ್ಠ 225 ಗ್ರಾಮಿನ ಡಬ್ಬಿ ಇರಬೇಕು; 7ರಿಂದ 9 ಮೀಟರು ದೂರಕ್ಕೆ ಕೆಂಪು ಮೋಡ ಎಸೆಯುತ್ತದೆ, ಆರೇಳು ಸೆಕೆಂಡಿನಲ್ಲಿ ಖಾಲಿ. ಮನುಷ್ಯರ ಮೇಲೆ ಬಳಸುವ ಪುಟ್ಟ ಪೆಪ್ಪರ್ ಸ್ಪ್ರೇಗೂ ಇದಕ್ಕೂ ಹೆಸರಿನ ಹೋಲಿಕೆಯಷ್ಟೇ.

ಜಗಳಕ್ಕೆ ಅಂಕಿಅಂಶದ ಬಣ್ಣ ಬಂದದ್ದು 2008ರಲ್ಲಿ. ಕರಡಿ ಸಂಶೋಧಕರಾದ ಟಾಮ್ ಸ್ಮಿತ್, ಸ್ಟೀಫನ್ ಹೆರೆರೊ ಮತ್ತು ಸಂಗಡಿಗರು ಅಲಾಸ್ಕಾದ 1985ರಿಂದ 2006ರವರೆಗಿನ ಘಟನೆಗಳನ್ನು ಕಲೆಹಾಕಿ, ಕಂದು ಕರಡಿಗಳ ವಿಷಯದಲ್ಲಿ ಸ್ಪ್ರೇ ನೂರಕ್ಕೆ 92 ಸಲ ಅವುಗಳ ಕಿರುಕುಳ ನಿಲ್ಲಿಸಿತು ಎಂದರು. 2012ರಲ್ಲಿ ಹೆಚ್ಚುಕಡಿಮೆ ಅದೇ ತಂಡ ಬಂದೂಕಿನ ಲೆಕ್ಕ ಕೊಟ್ಟಿತು: 1883ರಿಂದ 2009ರವರೆಗೆ 269 ಘಟನೆ, ಕೈಬಂದೂಕು ಗೆದ್ದದ್ದು ನೂರಕ್ಕೆ 84 ಸಲ, ಉದ್ದ ಬಂದೂಕು 76 ಸಲ. ಜೊತೆಗೊಂದು ಮಾತು ಹೇಳಿದರು: ಬಂದೂಕು ಇದ್ದವರು ಅದನ್ನು ಹಾರಿಸಿದರೂ ಹಾರಿಸದಿದ್ದರೂ ಗಾಯದ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇದರ ನಡುವೆ ಕೇಂದ್ರ ವನ್ಯಜೀವಿ ಇಲಾಖೆಯ ಒಂದು ಕರಪತ್ರವೂ ಓಡಾಡುತ್ತಿತ್ತು, ಗ್ರಿಜ್ಲಿಯೆದುರು ಬಂದೂಕು ಬಳಸಿದವರಲ್ಲಿ ಅರ್ಧದಷ್ಟು ಜನಕ್ಕೆ ಗಾಯವಾಗುತ್ತದೆ ಎಂದು.

92 ದೊಡ್ಡದು, 84 ಚಿಕ್ಕದು. ಪತ್ರಿಕೆಗಳಿಗೆ ಅಷ್ಟು ಸಾಕಾಯಿತು. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಓದಿದವರು ಕಡಿಮೆ. ಸ್ಪ್ರೇ ಪಟ್ಟಿಯಲ್ಲಿ ಮೈಮೇಲೆ ನುಗ್ಗಿದ ಕರಡಿಗಳ ಜೊತೆ ಬಿಡಾರದ ಬಳಿ ಮೂಸುತ್ತಾ ಬಂದ ಕುತೂಹಲಿಗಳೂ ಇವೆ. ಬಂದೂಕಿನ ಪಟ್ಟಿ ಹಳೆಯ ಪತ್ರಿಕೆ, ದಾಖಲೆಗಳಿಂದ ಹೆಕ್ಕಿದ್ದು. ಯಾರಿಗೂ ಏನೂ ಆಗದೆ ಕರಡಿ ಸತ್ತರೆ ಅದು ಸುದ್ದಿಯಾಗುವ ಸಂಭವ ಕಡಿಮೆ, ಮನುಷ್ಯ ಸೀಳಿಹೋದರೆ ಮಾತ್ರ ಮುಖಪುಟ. ಕೈಬಂದೂಕಿನ 84 ಎಂಬುದೂ 37ರಲ್ಲಿ 31, ಅಷ್ಟೇ. ಇಂಥ ಎರಡು ಸಂಖ್ಯೆಗಳನ್ನು ತಕ್ಕಡಿಯ ಎರಡು ತಟ್ಟೆಗೆ ಹಾಕುವುದು ಸೇರಿನಲ್ಲಿ ಅಳೆದದ್ದನ್ನು ಮೊಳದಲ್ಲಿ ಅಳೆದದ್ದಕ್ಕೆ ಹೋಲಿಸಿದಂತೆ.

ಆ 2012ರ ಬರಹದಲ್ಲಿ ನಿಜಕ್ಕೂ ಉಪಯೋಗದ ಭಾಗ ಬೇರೆಯೇ ಇದೆ, ಅದನ್ನು ಎರಡೂ ಕಡೆಯವರು ಹಾರಿಸಿ ಓದುತ್ತಾರೆ. ಬಂದೂಕು ಯಾಕೆ ಕೈಕೊಟ್ಟಿತು ಎಂಬ ಪಟ್ಟಿ ಅದು. ಹೊತ್ತೇ ಸಿಗಲಿಲ್ಲ. ಕೈಗೆತ್ತಿಕೊಳ್ಳಲೇ ಇಲ್ಲ. ತೋಟೆ ಸಿಕ್ಕಿಹಾಕಿಕೊಂಡಿತು. ಗುರಿ ತಪ್ಪಿತು. ಗುಂಡು ಮುಗಿಯಿತು. ಸೇಫ್ಟಿ ಬಿಡಿಸಲು ಬೆರಳು ತಡಕಾಡಿತು. ಹಿಂದೆ ಸರಿಯುವಾಗ ಎಡವಿ ಬಿದ್ದ. ಗುಂಡಿನ ದಪ್ಪ ಸಾಲದೆ ಸತ್ತೆ ಎಂಬ ದೂರು ಇದರಲ್ಲಿ ಎದ್ದು ಕಾಣುವುದಿಲ್ಲ.

ಬೇಟೆಗಾರರು ನಿಧಾನಕ್ಕೆ ಅದನ್ನೇ ಅರ್ಥ ಮಾಡಿಕೊಂಡರು ಎನ್ನಬೇಕು. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ದೊಡ್ಡ ರಿವಾಲ್ವರ್ ಬಿಟ್ಟು 10 ಮಿ.ಮೀ. ಸೆಮಿ ಆಟೊಮ್ಯಾಟಿಕ್ ಕಡೆಗೆ ಬಹಳ ಜನ ವಾಲಿದ್ದಾರೆ. ಆ ಬಗೆಯ ಗ್ಲಾಕ್ 20 ಪಿಸ್ತೂಲು ಖಾಲಿಯಿದ್ದಾಗ ಒಂದು ಕೆಜಿಗೂ ಕಡಿಮೆ, 15 ತೋಟೆ ಹಿಡಿಸುತ್ತದೆ; ಗ್ರೀನ್‌ಲ್ಯಾಂಡಿನ ನಾಯಿಬಂಡಿ ಗಸ್ತು ದಳದವರು ಹಿಮಕರಡಿಗೆಂದು ಇಟ್ಟುಕೊಳ್ಳುವುದೂ ಅದನ್ನೇ. 2016ರಲ್ಲಿ ಅಲಾಸ್ಕಾದ ಅನುಭವಿ ಗೈಡ್ ಒಬ್ಬರು ಬರೀ 9 ಮಿ.ಮೀ. ಪಿಸ್ತೂಲಿನಿಂದ ನುಗ್ಗಿ ಬಂದ ಕಂದು ಕರಡಿಯನ್ನು ಕೆಡವಿದಾಗ ದಪ್ಪ ನಳಿಗೆಯವರ ವಾದ ಇನ್ನಷ್ಟು ಸಡಿಲಾಯಿತು. ಅವರು ದಶಕಗಳ ಅನುಭವಿ, ಒಳಗಿದ್ದದ್ದು ಆಳಕ್ಕೆ ಇಳಿಯುವ ಗಟ್ಟಿ ಗುಂಡು ಎಂಬುದನ್ನು ಮರೆತೇ ಆ ಸುದ್ದಿ ಹಬ್ಬಿತು.

ಗುಂಡಿನ ವಿಚಾರ ಇಲ್ಲೇ ಹೇಳಿಬಿಡುವುದು ವಾಸಿ. ಊರಿನಲ್ಲಿ ಆತ್ಮರಕ್ಷಣೆಗೆಂದು ಮಾರುವ ತುದಿಟೊಳ್ಳು ಗುಂಡು ಮಾಂಸಕ್ಕೆ ತಾಗಿದೊಡನೆ ಅಣಬೆಯಂತೆ ಅರಳಿ ನಿಲ್ಲುತ್ತದೆ. ಕರಡಿಗೆ ಅದು ಬೇಡ: ಮೊದಲು ಒದ್ದೆ ತುಪ್ಪಳ, ಆಮೇಲೆ ಕೊಬ್ಬು, ಭುಜದ ಸ್ನಾಯು, ಎಲುಬು, ಇಷ್ಟನ್ನೂ ದಾಟಿ ಒಳಗೆ ಹೋಗಬೇಕು. ಅದಕ್ಕೆ ಗಟ್ಟಿ ಸೀಸದ, ಚಪ್ಪಟೆ ಮೂತಿಯ ಎರಕದ ಗುಂಡು, 10 ಮಿ.ಮೀ.ಗೆ ಸಾಮಾನ್ಯವಾಗಿ 13 ಗ್ರಾಮ್, .44ಕ್ಕೆ 15ರಿಂದ 19 ಗ್ರಾಮ್. ಇದರಲ್ಲೂ ಕಿರಿಕಿರಿಗಳಿವೆ. ಗ್ಲಾಕಿನ ಹಳೆಯ ನಳಿಗೆಗಳ ದುಂಡಗಿನ ಒಳಗೆರೆಗಳಿಗೆ ಬರೀ ಸೀಸ ಮೆತ್ತಿಕೊಂಡು ಒತ್ತಡ ಏರುತ್ತದೆ, ತಯಾರಕರೇ ಬೇಡ ಎನ್ನುತ್ತಾರೆ. ಹಾಗಾಗಿ ಲೇಪ ಹಚ್ಚಿದ ಗುಂಡು ಅಥವಾ ಬದಲಿ ನಳಿಗೆ. ಹಗುರ ಲೋಹದ .44 ರಿವಾಲ್ವರಿನಲ್ಲಿ ಒದೆತ ಎಷ್ಟು ಜೋರೆಂದರೆ, ಹಾರಿಸದೆ ಉಳಿದ ತೋಟೆಗಳಲ್ಲಿನ ಗುಂಡು ಹಿಡಿತ ಬಿಟ್ಟು ಮುಂದೆ ಜರುಗಿ ಸಿಲಿಂಡರ್ ತಿರುಗದಂತೆ ಕಚ್ಚಿಕೊಳ್ಳುತ್ತದೆ. ಕೊಂಡ ಬಗೆಯ ತೋಟೆಯನ್ನು ಐದು ಹಾರಿಸಿ, ಆರನೆಯದನ್ನು ಹೊರತೆಗೆದು ಉದ್ದ ಅಳೆದು ನೋಡಿದರೆ ಗೊತ್ತಾಗುತ್ತದೆ. ಸೆಮಿ ಆಟೊಮ್ಯಾಟಿಕ್ಕಿನ ತೊಂದರೆ ಇನ್ನೊಂದು ಬಗೆಯದು: ಕರಡಿ ಮೇಲೆ ಬಿದ್ದಾಗ ನಳಿಗೆಯ ಬಾಯಿ ಅದರ ಮೈಗೆ ಒತ್ತಿದರೆ ಪಿಸ್ತೂಲಿನ ಮೇಲ್ಭಾಗದ ಜಾರುವ ಸ್ಲೈಡ್ ಒಂದೆರಡು ಮಿಲಿಮೀಟರು ಹಿಂದೆ ಸರಿದು, ಟ್ರಿಗರ್ ಎಳೆದರೂ ಗುಂಡು ಹಾರುವುದಿಲ್ಲ. ಆ ಹೊತ್ತಿಗೆ ರಿವಾಲ್ವರೇ ಮೇಲು.

ಎಲ್ಲಿ ಕಟ್ಟಿಕೊಳ್ಳಬೇಕು? ಸೊಂಟದ ಹೋಲ್‌ಸ್ಟರ್ ಬೆನ್ನುಚೀಲದ ಬೆಲ್ಟಿನಡಿ ಸಿಕ್ಕಿಬೀಳುತ್ತದೆ, ಚೀಲದ ಬೆಲ್ಟಿಗೇ ಕಟ್ಟಿದರೆ ಚೀಲ ಇಳಿಸಿದಾಗ ಆಯುಧವೂ ಇಳಿಯುತ್ತದೆ. ಆದ್ದರಿಂದ ಎದೆಯ ಮೇಲೆ, ದುರ್ಬೀನಿನ ಚೀಲದ ಕೆಳಗೆ, ಬೇರೆಯದೇ ಪಟ್ಟಿಯಲ್ಲಿ. ಸ್ಪ್ರೇ ಇನ್ನೊಂದು ಕೈಗೆ ಸಿಗುವ ಕಡೆ. ಮಳೆ ಅಂಗಿ ತೊಟ್ಟ ಮೇಲೆ ಕೈ ತಲಪುತ್ತದೆಯೇ ನೋಡಬೇಕು, ಕೈಗವಸಿನಲ್ಲಿ ಸೇಫ್ಟಿ ಕ್ಲಿಪ್ ಕಳಚುತ್ತದೆಯೇ ನೋಡಬೇಕು. ಅಭ್ಯಾಸಕ್ಕೆ ಖಾರವಿಲ್ಲದ ಡಬ್ಬಿ ಸಿಗುತ್ತದೆ. ಅಸಲಿಯದಕ್ಕೆ ಮೂರು ನಾಲ್ಕು ವರ್ಷದ ಆಯಸ್ಸು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಸಿಡಿಯಬಹುದು, ಕೊರೆಯುವ ಚಳಿಯಲ್ಲಿ ಒತ್ತಡ ಕುಗ್ಗಿ ದೂರ ಕಡಿಮೆಯಾಗುತ್ತದೆ. ಎದುರುಗಾಳಿಯಿದ್ದರೆ ಅರ್ಧ ನಿಮ್ಮ ಕಣ್ಣಿಗೇ. ಬ್ಯಾಡಗಿ ಮೆಣಸಿನಕಾಯಿ ಹುರಿಯುವ ಅಡುಗೆಮನೆಯ ಘಾಟು ನೆನೆಸಿಕೊಂಡು ಅದನ್ನು ನೂರ್ಮಡಿ ಮಾಡಿಕೊಳ್ಳಿ.

2018ರ ಸೆಪ್ಟೆಂಬರಿನಲ್ಲಿ ವಯೋಮಿಂಗಿನ ಟೀಟನ್ ಕಾಡಿನಲ್ಲಿ ನಡೆದದ್ದನ್ನು ಎರಡೂ ಬಣದವರು ತಮ್ಮ ಸಾಕ್ಷಿಯೆಂದು ಎಳೆದಾಡುತ್ತಾರೆ. ಹಿಂದಿನ ದಿನ ಬಾಣಕ್ಕೆ ಸಿಕ್ಕಿದ್ದ ಎಲ್ಕನ್ನು ಗೈಡೊಬ್ಬರೂ ಅವರ ಗಿರಾಕಿಯೂ ಮರುದಿನ ಕೊಯ್ಯುತ್ತಿದ್ದಾಗ ತಾಯಿ ಗ್ರಿಜ್ಲಿ, ಬೆಳೆದ ಮರಿಯ ಜೊತೆ ನುಗ್ಗಿತು. ಪಿಸ್ತೂಲು ಚೀಲಗಳ ಬಳಿ ಇತ್ತು. ಗಿರಾಕಿ ಅದನ್ನು ಕೈಗೆತ್ತಿಕೊಂಡರೂ ಗೈಡಿಗೆ ತಗಲದಂತೆ ಹೊಡೆಯಲು ದಾರಿ ಕಾಣದೆ ಅವರತ್ತ ಎಸೆದರು, ಅದು ತಲಪಲಿಲ್ಲ. ಗೈಡ್ ಸ್ಪ್ರೇ ಬಳಸಿದ್ದರೆಂದು ತನಿಖೆಯಲ್ಲಿ ಗೊತ್ತಾಯಿತು. ಅವರು ಬದುಕಲಿಲ್ಲ. ಸ್ಪ್ರೇ ಸೋತಿತು ಎಂದರು ಒಬ್ಬರು. ಪಿಸ್ತೂಲಿದ್ದೂ ಏನಾಯಿತು ಎಂದರು ಇನ್ನೊಬ್ಬರು.

ಕಾನೂನೂ ನೇರವಾಗಿಲ್ಲ. ರಾಷ್ಟ್ರೀಯ ಉದ್ಯಾನಗಳಲ್ಲಿ ತುಂಬಿದ ಬಂದೂಕು ಇಟ್ಟುಕೊಳ್ಳಲು 2010ರ ಫೆಬ್ರವರಿಯಿಂದ ಅವಕಾಶವಿದೆ, ಹಾರಿಸಲು ಮಾತ್ರ ಇಲ್ಲ. ಯೊಸೆಮಿಟಿಯಲ್ಲಿ ಕರಡಿ ಸ್ಪ್ರೇಯೇ ನಿಷಿದ್ಧ. ಕೆನಡಾದಲ್ಲಿ ಸಾಮಾನ್ಯ ಬೇಟೆಗಾರನಿಗೆ ಕೈಬಂದೂಕಿನ ಪರವಾನಗಿ ಸಿಗುವುದೇ ಇಲ್ಲವೆನ್ನಬಹುದು, ಅಲ್ಲಿ ರೈಫಲ್ಲು ಮತ್ತು ಡಬ್ಬಿ. ವಿಮಾನದಲ್ಲಿ ಪಿಸ್ತೂಲನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಲಗೇಜಿಗೆ ಹಾಕಬಹುದು, ಸ್ಪ್ರೇಯನ್ನು ಎಲ್ಲಿಯೂ ಒಯ್ಯುವಂತಿಲ್ಲ. ಸಿಯಾಟಲಿನಿಂದಲೋ ಡೆನ್ವರಿನಿಂದಲೋ ಹೊರಟ ನಮ್ಮವರು ಹೊಸ ಡಬ್ಬಿಯನ್ನು ಭದ್ರತಾ ತಪಾಸಣೆಯಲ್ಲಿ ಬಿಟ್ಟು ಹೋಗುವುದುಂಟು.

ಜೀವ ಉಳಿಸಿಕೊಳ್ಳಲು ಗ್ರಿಜ್ಲಿ ಕೊಂದರೆ ಅಪರಾಧವಲ್ಲ, ಆದರೆ ಐದು ದಿನದೊಳಗೆ ಕೇಂದ್ರದ ಅಧಿಕಾರಿಗಳಿಗೆ ತಿಳಿಸಬೇಕು. ಅಲಾಸ್ಕಾದಲ್ಲಾದರೆ ಹದಿನೈದು ದಿನ, ಜೊತೆಗೆ ಉಗುರು ಸಮೇತ ಚರ್ಮ ಸುಲಿದು, ತಲೆಬುರುಡೆಯೊಂದಿಗೆ ಸರ್ಕಾರಕ್ಕೆ ಒಪ್ಪಿಸಬೇಕು. ತನಿಖೆಗೆ ಬಂದವರು ಖಾಲಿ ತೋಟೆ ಬಿದ್ದ ಜಾಗ, ಗುಂಡು ಒಳಹೊಕ್ಕ ದಿಕ್ಕು, ಕರಡಿ ಮತ್ತು ಮನುಷ್ಯನ ನಡುವಿನ ಅಂತರ ಎಲ್ಲವನ್ನೂ ಅಳೆಯುತ್ತಾರೆ. ಬೆನ್ನಿಗೆ ಬಿದ್ದ ಗುಂಡಿಗೆ ಉತ್ತರ ಕೊಡುವುದು ಕಷ್ಟ.

ಇಷ್ಟೆಲ್ಲ ಆದಮೇಲೂ ಹಳೆಯ ಗೈಡುಗಳು ಹೊಸಬರಿಗೆ ಮೊದಲು ಕಲಿಸುವುದು ಪಿಸ್ತೂಲನ್ನೂ ಅಲ್ಲ, ಡಬ್ಬಿಯನ್ನೂ ಅಲ್ಲ, ಮಾಂಸ ಸಾಗಿಸುವುದನ್ನು. ಕತ್ತಲಾಗುವ ಮುಂಚೆ ಕೊಯ್ದು ಮುಗಿಯುವ ಹಾಗಿದ್ದರಷ್ಟೇ ಈಡು ಹೊಡಿ. ಒಬ್ಬ ಕೊಯ್ಯಲಿ, ಇನ್ನೊಬ್ಬ ನಿಂತು ನೋಡುತ್ತಿರಲಿ, ಚಾಕು ಮುಟ್ಟದಿರಲಿ. ತೊಡೆ, ಭುಜಗಳನ್ನು ಕರುಳಿನ ಗುಡ್ಡೆಯಿಂದ ನೂರು ಮೀಟರು ಆಚೆ ಎಳೆದು, ದೂರದಿಂದಲೇ ಕಾಣುವ ಬಯಲಿನಂಚಿನ ಮರಕ್ಕೆ ಮೂರು ನಾಲ್ಕು ಮೀಟರು ಎತ್ತರಕ್ಕೆ ಕಟ್ಟು. ಮರುದಿನ ಬರುವಾಗ ಗಾಳಿ ಬೆನ್ನಿಗಿರಲಿ, ಜೋರಾಗಿ ಮಾತಾಡುತ್ತಾ ಬಾ, ಇನ್ನೂರು ಮೀಟರು ದೂರದಲ್ಲೇ ನಿಂತು ದುರ್ಬೀನಿನಲ್ಲಿ ನೋಡು. ಕಟ್ಟಿದ್ದು ನೆಲದ ಮೇಲಿದ್ದರೆ, ಅಥವಾ ಅದರ ಮೇಲೆ ಮಣ್ಣು, ಕಸಕಡ್ಡಿ ಎಳೆದು ಮುಚ್ಚಿದ್ದರೆ, ಆ ಎಲ್ಕ್ ಇನ್ನು ನಿನ್ನದಲ್ಲ.