ಪದ ಪರಿಚಯ: ಚೇತರಿಕೆ

‘ಮಾತ್ರೆ ಚಟದ ಹುಡುಗ 21 ದಿನದಲ್ಲಿ ಸಂಪೂರ್ಣ ಚೇತರಿಕೆ.’ ಇಂಥ ತಲೆಬರಹ ಕಣ್ಣಿಗೆ ಬಿದ್ದದ್ದು ಈ ತಿಂಗಳಲ್ಲೇ ಮೂರನೇ ಸಲ. ಷೇರುಪೇಟೆ ಚೇತರಿಸಿಕೊಳ್ಳಲಿ, ತುಂಗಭದ್ರಾ ಡ್ಯಾಮಿನ ಒಳಹರಿವು ಚೇತರಿಸಿಕೊಳ್ಳಲಿ, ನನ್ನ ತಕರಾರಿಲ್ಲ. ಚಟದ ವಿಷಯಕ್ಕೆ ಬಂದಾಗ ಮಾತ್ರ ಇದನ್ನು ‘ಆರಾಮ ಆಯ್ತು’ ಎನ್ನುವ ಅರ್ಥದಲ್ಲಿ ಬಳಸಬೇಡಿ.

ನಮ್ಮ ಕೊಪ್ಪಳ, ರಾಯಚೂರು ಕಡೆ ಜ್ವರ ಬಂದರೆ ‘ಆರಾಮಿಲ್ಲ’, ಬಿಟ್ಟರೆ ‘ಆರಾಮಾತು’. ಸಂಸ್ಕೃತದ ಆರಾಮ ಅಂದರೆ ತೋಟ. ಪಾರಸಿಯ ಆರಾಮ ಅಂದರೆ ವಿಶ್ರಾಂತಿ, ನೆಮ್ಮದಿ. ಆದಿಲ್‌ಶಾಹಿಗಳು, ಆಮೇಲೆ 1948ರವರೆಗೆ ನಿಜಾಮರು ಆಳಿದ ನೆಲ ಇದು. ನಮ್ಮ ಬಾಯಿಗೆ ಹತ್ತಿದ್ದು ಎರಡನೆಯದೇ. ಆರಾಮ ಸುಮ್ನೆ ಆಗುವಂಥದ್ದು. ‘ಗುಣ’ವೂ ಹಾಗೇ: ತಾನಾಗಿ ಆಗುತ್ತದೆ, ಇಲ್ಲವೇ ಡಾಕ್ಟರು ಗುಣಪಡಿಸುತ್ತಾರೆ.

‘ಚೇತರಿಸು’ ಹಾಗಲ್ಲ. ಚೇತನ, ಚಿತ್ತಗಳ ನೆಂಟ ಅದು, ಅರಿವಿಗೆ ಸಂಬಂಧಿಸಿದ್ದು. ಮೂರ್ಛೆ ಹೋದವರು ಕಣ್ಣು ಬಿಟ್ಟರೆ ಚೇತರಿಸಿಕೊಂಡರು ಅನ್ನುತ್ತೇವಲ್ಲ, ಅದಕ್ಕೇ. ಇನ್ನು ಅದರ ಬಾಲ ನೋಡಿ: ‘ಕೊಳ್ಳು’. ಕಲಿತುಕೊಳ್ಳು, ಸುಧಾರಿಸಿಕೊಳ್ಳು, ಸಂಭಾಳಿಸಿಕೊಳ್ಳು. ಮಾಡುವವನೂ ಅವನೇ, ಉಣ್ಣುವವನೂ ಅವನೇ. ‘ಡಾಕ್ಟರು ಹುಡುಗನನ್ನು ಚೇತರಿಸಿದರು’ ಅಂತ ಯಾರಾದರೂ ಅಂತಾರಾ? ಕಿವಿಗೇ ಒಗ್ಗಲ್ಲ.

ನನಗೆ ಗೊತ್ತಿರುವ ಹದಿನೇಳರ ಹುಡುಗನೊಬ್ಬ ಕೊಪ್ಪಳದಲ್ಲಿದ್ದಾನೆ. ಕೈ ಮುರಿದಾಗ ನೋವಿಗೆ ಐದು ದಿನಕ್ಕೆ ಬರೆದ ಟ್ರಮಡಾಲ್ ಮಾತ್ರೆಯನ್ನು ಅದೇ ಮಾಸಿದ ಚೀಟಿ ತೋರಿಸಿ ಆರು ತಿಂಗಳು ನುಂಗಿದ. 2018ರಿಂದ ಈ ಮಾತ್ರೆ ಮಾದಕವಸ್ತು ಕಾಯ್ದೆಯಡಿ ಇದೆ, ಆದರೂ ಸಿಕ್ಕಿತು. ಬಿಡಿಸಿದಾಗ ಮೂಗು ಸೋರಿತು, ಕಾಲು ಸೆಳೆಯಿತು, ನಿದ್ದೆ ಹಾರಿತು. ಹತ್ತು ದಿನದಲ್ಲಿ ಎಲ್ಲ ಇಳಿಯಿತು. ಇಷ್ಟಕ್ಕೆ ಬೇಕಾದರೆ ‘ಆರಾಮ ಆಗ್ಯಾನ’ ಅನ್ನಿ.

ಚೇತರಿಕೆ ಶುರುವಾದದ್ದು ಆಮೇಲೆ. ಈಗಲೂ ಬೆಳಿಗ್ಗೆ ಅವನ ಅವ್ವ ಸೆರಗಿನ ಗಂಟು ಬಿಚ್ಚಿ ಒಂದು ನಾಲ್ಟ್ರೆಕ್ಸೋನ್ ಮಾತ್ರೆಯನ್ನು ಅವನ ಅಂಗೈಗೆ ಇಡುತ್ತಾಳೆ. ಅವನು ನುಂಗಿ, ನಾಲಿಗೆ ಎತ್ತಿ ತೋರಿಸಿದ ಮೇಲೆಯೇ ರೊಟ್ಟಿ ಬಡಿಯಲು ಕೂರುತ್ತಾಳೆ. ಪಕ್ಕದ ಮನೆಯಾಕೆ ಕೇಳಿಯೇ ಬಿಟ್ಟಳು: ‘ಮಾತ್ರಿ ಬಿಡ್ಸಾಕ ಮತ್ತ ಮಾತ್ರೀನ? ಹಂಗಾದ್ರ ಆರಾಮ ಆಗಿಲ್ಲಲ್ಲ, ಯಕ್ಕಾ?’ ಇದೇ ನೋಡಿ ಗೊಂದಲ. ಈ ಮಾತ್ರೆ ನಶೆ ಕೊಡುವುದಿಲ್ಲ, ಹಳೆಯದರ ನಶೆ ಏರದಂತೆ ತಡೆಯುತ್ತದೆ. ಇದನ್ನು ನುಂಗುವುದೇ ಚೇತರಿಕೆಯ ಒಂದು ಭಾಗ.

‘ಸಂಪೂರ್ಣ’ವನ್ನು ನಂಬಿದರೆ ಅಪಾಯವೂ ಇದೆ. ಚಟದ ಮಾತ್ರೆ ಬಿಟ್ಟ ಮೈ ಅದನ್ನು ತಡೆದುಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ. ಪೂರಾ ಆರಾಮ ಆಗಿದ್ದೀನಿ ಅಂತ ಚಿಕಿತ್ಸೆ ಬಿಟ್ಟು, ಒಂದು ದಿನ ಹಳೆ ಲೆಕ್ಕದಲ್ಲೇ ನುಂಗಿದರೆ ಉಸಿರೇ ನಿಲ್ಲಬಹುದು. ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಕೂಡ ಮೂರು ತಿಂಗಳು ತುಂಬುವವರೆಗೆ ಹತೋಟಿಗೆ ಬಂತು ಅನ್ನುವುದಿಲ್ಲ. ಹತೋಟಿ ನಿಂತಿದೆ ಅನ್ನಲು ಅದಕ್ಕೆ ವರ್ಷವೇ ಬೇಕು. 21 ದಿನದ ಲೆಕ್ಕ ಎಲ್ಲಿಂದ ತಂದರೋ!

‘ವ್ಯಸನಮುಕ್ತ’ವನ್ನೂ ಇದಕ್ಕೆ ಬೆರೆಸುತ್ತಾರೆ. ಇಲ್ಲೇ ಪಕ್ಕದ ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದವರು. ಅವರ ಹುಟ್ಟಿದ ದಿನ, ಆಗಸ್ಟ್ 1, ರಾಜ್ಯದಲ್ಲಿ ವ್ಯಸನಮುಕ್ತ ದಿನ. ಜೋಳಿಗೆಗೆ ಹಾಕುವುದು ಒಂದು ಗಳಿಗೆಯ ಗಟ್ಟಿ ಮನಸ್ಸು. ಮಾರನೇ ದಿನದಿಂದ ನಡೆಯುವುದಕ್ಕೆ ಚೇತರಿಕೆ ಅನ್ನಬೇಕು.

ಹಾಗಾದರೆ ತಲೆಬರಹ ಹೇಗಿರಬೇಕಿತ್ತು? ‘ಹುಡುಗ ಚೇತರಿಸಿಕೊಳ್ಳುತ್ತಿದ್ದಾನೆ.’ ಜಾಗ ಜಾಸ್ತಿ ಬೇಕು ಅಂತೀರಾ? ‘ಸಂಪೂರ್ಣ’ ತೆಗೆದರೆ ಹಿಡಿಸುತ್ತದೆ.