ಮರಳು ದಿಬ್ಬವನ್ನು ಕಟ್ಟಿಹಾಕಿದವರೇ ಈಗ ಯಾಕೆ ಬಿಚ್ಚುತ್ತಿದ್ದಾರೆ?

ಡೆನ್ಮಾರ್ಕಿನ ಉತ್ತರ ತುದಿಯಲ್ಲಿ ಸ್ಕಾಗೆನ್ ಅಂತ ಒಂದು ಊರಿದೆ. ಅಲ್ಲಿನ ಹಳೆಯ ಚರ್ಚಿಗೆ ಹೋಗಬೇಕೆಂದರೆ ಜನ ಮೊದಲು ಬಾಗಿಲ ಮುಂದಿನ ಮರಳು ಅಗೆಯಬೇಕಿತ್ತು. 1795ರಲ್ಲಿ ಸಾಕಾಗಿ ಚರ್ಚನ್ನು ಕೈಬಿಟ್ಟರು. ಈಗ ಉಳಿದಿರುವುದು ಗೋಪುರ ಮಾತ್ರ. ಮನೆ, ಹೊಲ, ದಾರಿಯನ್ನೆಲ್ಲ ನುಂಗುತ್ತಾ ಬರುವ ದಿಬ್ಬವನ್ನು ಆ ಕಾಲದ ಜನ ಶತ್ರು ಅಂದುಕೊಂಡಿದ್ದರಲ್ಲಿ ತಪ್ಪೇನಿಲ್ಲ.

ಅಷ್ಟು ದೊಡ್ಡ ರಾಶಿ ನಡೆಯುವುದಾದರೂ ಹೇಗೆ? ಗಾಳಿ ಮರಳನ್ನು ಧೂಳಿನ ಹಾಗೆ ಮೇಲಕ್ಕೆ ಹೊತ್ತೊಯ್ಯುವುದಿಲ್ಲ. ಕಣಗಳು ನೆಲಕ್ಕೆ ಹತ್ತಿರದಲ್ಲೇ ಜಿಗಿಯುತ್ತಾ ಹೋಗುತ್ತವೆ. ಒಂದು ಕಣ ಬಿದ್ದ ರಭಸಕ್ಕೆ ಇನ್ನಷ್ಟು ಕಣ ಏಳುತ್ತವೆ. ಹೀಗೆ ಗಾಳಿಯ ಕಡೆಯ ಇಳಿಜಾರನ್ನು ಹತ್ತಿದ ಮರಳು ನೆತ್ತಿಯಲ್ಲಿ ಗುಡ್ಡೆಯಾಗುತ್ತದೆ. ಒಣ ಮರಳು ಸುಮಾರು 33 ಡಿಗ್ರಿಗಿಂತ ಕಡಿದಾಗಿ ನಿಲ್ಲಲಾರದು, ಆಚೆ ಬದಿಗೆ ಜಾರಿಬಿಡುತ್ತದೆ. ಹಿಂದೆ ಸವೆಯುತ್ತದೆ, ಮುಂದೆ ತುಂಬುತ್ತದೆ. ದಿಬ್ಬ ಸರಿಯುವುದು ಅಂದರೆ ಇಷ್ಟೇ. ಒಂದೇ ಗಾಳಿಗೆ ಸಣ್ಣ ದಿಬ್ಬ ಬೇಗ ಸಾಗುತ್ತದೆ, ದೊಡ್ಡದು ನಿಧಾನ. ಸಾಗಿಸಬೇಕಾದ ಮರಳು ಜಾಸ್ತಿ ಅಲ್ವಾ?

ಗಾಳಿ ಒಂದೇ ದಿಕ್ಕಿನದಾಗಿದ್ದು ಮರಳು ಕಡಿಮೆ ಇದ್ದರೆ ದಿಬ್ಬ ಅರ್ಧಚಂದ್ರದ ಆಕಾರ ತಾಳುತ್ತದೆ. ನಾನಾ ದಿಕ್ಕಿನಿಂದ ಬೀಸಿದರೆ ನಕ್ಷತ್ರದ ಆಕಾರ. ನಕ್ಷತ್ರದ ದಿಬ್ಬ ದೂರ ಹೋಗುವುದಿಲ್ಲ, ಎತ್ತರಕ್ಕೆ ಬೆಳೆಯುತ್ತದೆ. ಮರಳಿನ ಈ ಲೆಕ್ಕಾಚಾರಕ್ಕೆ ಗಟ್ಟಿ ಬುನಾದಿ ಹಾಕಿದವರು ಬ್ರಿಟಿಷ್ ಸೇನೆಯ ಇಂಜಿನಿಯರ್ ರಾಲ್ಫ್ ಬ್ಯಾಗ್ನಾಲ್ಡ್. ಲಿಬಿಯಾ ಮರುಭೂಮಿಯಲ್ಲಿ ಕಾರು ಓಡಿಸಿಕೊಂಡು ಅಲೆದವರು, ಆಮೇಲೆ ಗಾಳಿ ಸುರಂಗ ಕಟ್ಟಿ ಮರಳು ಹಾರಿಸಿ ಅಳೆದರು. ಅವರ ಪುಸ್ತಕ ಬಂದದ್ದು 1941ರಲ್ಲಿ.

ಆದರೆ ದಿಬ್ಬ ನಿಲ್ಲಿಸುವ ಕೆಲಸ ವಿಜ್ಞಾನಕ್ಕೆ ಕಾದು ಕೂರಲಿಲ್ಲ. ಫ್ರಾನ್ಸಿನ ನೈಋತ್ಯ ಕರಾವಳಿಯಲ್ಲಿ 18ನೇ ಶತಮಾನದ ಕೊನೆಗೇ ಇಂಜಿನಿಯರ್ ಬ್ರೆಮೊಂಟಿಯೆ ಪೈನ್ ಮರಗಳನ್ನು ಬೆಳೆಸಿ ಮರಳನ್ನು ಹಿಡಿದು ನಿಲ್ಲಿಸಲು ಹೊರಟರು. ಇನ್ನೊಂದು ಅಸ್ತ್ರ ಮರಾಮ್ ಹುಲ್ಲು. ಈ ಹುಲ್ಲಿನ ಗುಣವೇ ವಿಶೇಷ. ಮರಳು ಮುಚ್ಚಿದರೆ ಅದು ಸಾಯುವುದಿಲ್ಲ, ಮರಳಿನೊಳಗಿಂದಲೇ ಮೇಲೆದ್ದು ಬರುತ್ತದೆ. ಎಲೆಗಳು ನೆಲದ ಹತ್ತಿರ ಗಾಳಿಯ ವೇಗ ತಗ್ಗಿಸುತ್ತವೆ, ಇನ್ನಷ್ಟು ಮರಳು ಬೀಳುತ್ತದೆ, ಹುಲ್ಲು ಮತ್ತೆ ಏಳುತ್ತದೆ. ಸಮುದ್ರ ತೀರದ ಎಷ್ಟೋ ದಿಬ್ಬ ಬೆಳೆಯುವುದೇ ಹೀಗೆ. ಯುರೋಪಿನ ಈ ಹುಲ್ಲನ್ನು ಅಮೆರಿಕದ ಪಶ್ಚಿಮ ಕರಾವಳಿಗೂ ಒಯ್ದು ನೆಟ್ಟರು.

ಡೆನ್ಮಾರ್ಕಿನವರು ಮಾತ್ರ ಒಂದು ಜಾಣತನದ ಕೆಲಸ ಮಾಡಿದರು. ಉಳಿದ ಮರಳಿಗೆಲ್ಲ ಹುಲ್ಲು, ಮರ ಹಾಕಿದರೂ ರೋಬ್ಯೆರ್ಗ್ ಮಿಲೆ ಎಂಬ ದಿಬ್ಬವನ್ನು ಸುಮ್ಮನೆ ಬಿಟ್ಟರು. ಸುಮಾರು 40 ಮೀಟರ್ ಎತ್ತರದ ಅದು ಇಂದಿಗೂ ವರ್ಷಕ್ಕೆ 15 ಮೀಟರಿಗೂ ಹೆಚ್ಚು ಸರಿಯುತ್ತದೆ. ಓಡಾಡುವ ದಿಬ್ಬ ಹೇಗಿರುತ್ತದೆಂದು ಮುಂದಿನವರು ನೋಡಲಿ ಎಂಬುದು ಉದ್ದೇಶ.

ಅದರ ಬೆಲೆ ಈಗ ಗೊತ್ತಾಗುತ್ತಿದೆ. ಯಾಕೆಂದರೆ ಕಟ್ಟಿಹಾಕುವ ಕೆಲಸ ಅತಿಯಾಗಿ ಯಶಸ್ವಿಯಾಯಿತು. ಹೊಸ ಮರಳು ಬರುವುದು ನಿಂತರೆ ಮರಾಮ್ ಹುಲ್ಲೇ ಸೊರಗುತ್ತದೆ. ಪೊದೆಗಳು ಆ ಜಾಗ ಹಿಡಿಯುತ್ತವೆ, ಬರಿ ಮರಳನ್ನೇ ನಂಬಿದ ಜೀವಿಗಳಿಗೆ ನೆಲೆ ತಪ್ಪುತ್ತದೆ. ಅಮೆರಿಕದ ಪಶ್ಚಿಮ ತೀರದಲ್ಲಿ ಬಯಲು ಮರಳಿನ ಮೇಲೆ ಗೂಡು ಮಾಡುವ ಸ್ನೋಯಿ ಪ್ಲೋವರ್ ಹಕ್ಕಿಯನ್ನು 1993ರಲ್ಲಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. ಆಗ ನೆಟ್ಟ ಹುಲ್ಲನ್ನು ಈಗ ಅಲ್ಲಿ ಕಿತ್ತು ತೆಗೆಯುತ್ತಿದ್ದಾರೆ.

ನೆದರ್ಲೆಂಡ್ಸ್‌ನಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಸಮುದ್ರಕ್ಕೆ ಮುಖ ಮಾಡಿದ ದಿಬ್ಬದ ಸಾಲಿನಲ್ಲೇ ಕೆಲವು ಕಡೆ ಕಿಂಡಿ ಕೊರೆದಿದ್ದಾರೆ. ಅದರ ಮೂಲಕ ಗಾಳಿ ಮರಳನ್ನು ಒಳಗೆ ತರುತ್ತದೆ, ಹಿಂದಿನ ದಿಬ್ಬಗಳು ಎತ್ತರವಾಗುತ್ತವೆ. ಸಮುದ್ರ ಮಟ್ಟ ಏರುತ್ತಿರುವ ಈ ಕಾಲದಲ್ಲಿ ನನಗಂತೂ ಇದು ಸರಿಯಾದ ದಾರಿ ಅನಿಸುತ್ತದೆ. ಹಾಗಂತ ಎಲ್ಲ ಕಡೆಯೂ ಆಗದು. ಹಿಂದೆ ಸಾಕಷ್ಟು ಅಗಲದ ದಿಬ್ಬ ಇದ್ದರೆ ಮಾತ್ರ ಕಿಂಡಿ ತೆಗೆಯಬಹುದು. ದಿಬ್ಬದ ಬೆನ್ನಿಗೇ ಮನೆಗಳಿರುವಲ್ಲಿ ಹುಲ್ಲು ನೆಡುವುದನ್ನು ನಿಲ್ಲಿಸುವಂತಿಲ್ಲ.